ಎಂಬತ್ತೆರಡರ ಬಾಗಿಲು

"ಈ ಗಂಟು ಯಾಕೈತೆ ಇಲ್ಲಿ?"

ಬಾನೆಟ್ಟಿನೊಳಕ್ಕೆ ತಲೆ ಬಗ್ಗಿಸಿ ಖಲಂದರ್ ಹಾಗೆ ಕೇಳಿದಾಗ ಸುತ್ತಮುತ್ತ ಯಾರೂ ಇರಲಿಲ್ಲ. ಅರಸೀಕೆರೆಯ ಮಧ್ಯಾಹ್ನದ ಬಿಸಿಲು, ಗ್ಯಾರೇಜಿನ ತಗಡಿನ ಚಪ್ಪರ, ದೂರದಲ್ಲಿ ರೈಲಿನ ಕೂಗು, ಇಷ್ಟೇ. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು, ಕಣ್ಣು ನನ್ನ ಮೇಲಿತ್ತು. ಉತ್ತರ ನನಗೆ ಗೊತ್ತಿತ್ತು. ಆದರೆ ನನ್ನ ಬಾಯಿ ಬಿಸಿನೀರಿಗೆ ಮಾತ್ರ ತೆರೆಯುವಂಥದ್ದು, ಮಾತಿಗಲ್ಲ.

ನಾನು ಒಂದು ಥರ್ಮೋಸ್ಟಾಟ್ ವಾಲ್ವು. ಹೆಸರು ದೊಡ್ಡದು, ಮೈ ಚಿಕ್ಕದು; ಕುಂಕುಮದ ಭರಣಿಯಷ್ಟು. ಎಲ್ಲಿಯೋ ದೂರದ ಕಾರ್ಖಾನೆಯೊಂದರಲ್ಲಿ ಹಿತ್ತಾಳೆಯ ತಗಡನ್ನು ಒತ್ತಿ ನನ್ನನ್ನು ಮಾಡಿದರು. ಹೊಟ್ಟೆಯೊಳಗೆ ಒಂದು ಚಿಟಿಕೆ ಮೇಣ ತುಂಬಿದರು. ಬಿಸಿಯಾದರೆ ಮೇಣ ಕರಗಿ ಉಬ್ಬುತ್ತದೆ, ಉಬ್ಬಿ ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ನನ್ನ ಬಾಗಿಲನ್ನು ತೆರೆಯುತ್ತದೆ. ಆರಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ನನಗೆ ಗೊತ್ತಿರುವ ವಿದ್ಯೆ ಇದೊಂದೇ. ನೆತ್ತಿಯ ಮೇಲೆ ಎಂಬತ್ತೆರಡು ಎಂಬ ಅಂಕಿ ಕೊರೆದರು. ಅಷ್ಟು ಡಿಗ್ರಿ ಕಾವು ಬರುವ ತನಕ ಬಾಗಿಲು ತೆರೆಯಬಾರದೆಂದು ನನಗೆ ಅಪ್ಪಣೆ. ಕೊನೆಯಲ್ಲಿ ಒಬ್ಬ ಹೆಂಗಸು ನಮ್ಮ ನಲವತ್ತು ಜನರ ತಟ್ಟೆಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟಳು. ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ನಾವೆಲ್ಲ ಒಟ್ಟಿಗೆ ಬಾಯಿ ತೆರೆದೆವು.

ಕಾರಿನ ಎಂಜಿನ್ನಿನ ನೆತ್ತಿಯಲ್ಲಿ, ನೀರು ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ನನ್ನನ್ನು ಕೂರಿಸಿದರು. ಎಂಜಿನ್ ತಣ್ಣಗಿರುವಾಗ ನೀರನ್ನು ಒಳಗೇ ತಡೆದು ಬೇಗ ಕಾಯುವಂತೆ ಮಾಡುವುದು, ಕಾದ ಮೇಲೆ ಆರುವುದಕ್ಕೆ ಹೊರಗೆ ಬಿಡುವುದು ನನ್ನ ಕೆಲಸ. ಗುಡಿಯ ಬಾಗಿಲಲ್ಲಿ ನಿಂತ ದ್ವಾರಪಾಲಕನಿಗೂ ನನಗೂ ಹೆಚ್ಚು ಅಂತರವಿಲ್ಲ. ಒಳಗಿನ ದೇವರನ್ನು ಅವನೂ ತಿರುಗಿ ನೋಡುವುದಿಲ್ಲ, ನಾನೂ ನೋಡಿದ್ದಿಲ್ಲ.

ನಮ್ಮ ದುಂಡು ಬೆನ್ನಿನ ಬಿಳಿ ಕಾರಿನ ಮೊದಲ ಯಜಮಾನ ತಿಪಟೂರಿನ ಕೊಬ್ಬರಿ ವ್ಯಾಪಾರಿ ಶಿವನಂಜಪ್ಪ. ಒಳ್ಳೆಯ ಮನುಷ್ಯ, ಆದರೆ ಕಾರೆಂದರೆ ಅವನಿಗೆ ಬಾಗಿಲಿರುವ ಎತ್ತಿನಗಾಡಿ. ಹಿಂದಿನ ಸೀಟಿನಲ್ಲಿ ಕೊಬ್ಬರಿ ಮೂಟೆ, ಮಂಡಿಯ ಅಂಗಳದಲ್ಲಿ ವಾಸ. ನಾರಿನ ಧೂಳು ರೇಡಿಯೇಟರಿನ ಸಂದುಸಂದಿಗೂ ಸೇರಿ ಗಾಳಿಯೇ ಆಡದಂತಾಯಿತು. ಬೇಸಿಗೆಯಲ್ಲಿ ಎಂಜಿನ್ ಕುದಿಯತೊಡಗಿತು. ಹೀಗೆ ಕುದಿಯುತ್ತಾ ಅರಸೀಕೆರೆಯಲ್ಲಿ ನಿಂತಾಗಲೇ ಖಲಂದರ್ ನನ್ನನ್ನು ನೋಡಿ ಆ ಪ್ರಶ್ನೆ ಕೇಳಿದ್ದು. ಆಗ ಅವನಿಗೆ ಮೀಸೆ ಇನ್ನೂ ಸರಿಯಾಗಿ ದಟ್ಟವಾಗಿರಲಿಲ್ಲ. ಆಂಜನೇಯನ ಗುಡಿಯ ಪೌಳಿಗೋಡೆಗೆ ಆತುಕೊಂಡು ಹೊಸದಾಗಿ ಗ್ಯಾರೇಜು ಹಾಕಿದ್ದ.

ಶಿವನಂಜಪ್ಪ ಎಳನೀರು ಕುಡಿದು ಬಂದವನು, "ಏನ್ ಸಾಬ್ರೇ, ಜ್ವರ ಬಿಡ್ತಾ ನನ್ ಗಾಡಿಗೆ?" ಎಂದ.

"ಬಿಟ್ಟಂಗೇ ಅಣ್ಣಾ. ಈ ವಾಲ್ವು ಪರದೇಶದವರಿಗೆ ಮಾಡಿದ್ದು, ಮಂಜು ಬೀಳೋ ಕಡೆಗೆ. ನೀರಿಗೆ ಅಡ್ಡ ನಿಂತೈತೆ. ನಮ್ಮ ಬಿಸಿಲಿಗೆ ಇದ್ಯಾಕೆ ಬೇಕು? ತೆಗೆದು ಎಸೆದೆ."

ನಮ್ಮ ಕಡೆಯ ಮೆಕ್ಯಾನಿಕ್ಕುಗಳೆಲ್ಲ ಆಗ ಹೀಗೆಯೇ ಹೇಳುತ್ತಿದ್ದರು, ಹೀಗೆಯೇ ಮಾಡುತ್ತಿದ್ದರು. ಅಡ್ಡ ನಿಂತದ್ದು ಕೊಬ್ಬರಿ ನಾರು, ಅದನ್ನೂ ಅವನು ಅವತ್ತೇ ತೊಳೆದಿದ್ದ; ಕೆಟ್ಟ ಹೆಸರು ಬಂದದ್ದು ನನಗೆ. ನಾನಿಲ್ಲದ ದಾರಿಯಲ್ಲಿ ನೀರು ಹರಿದೋಡಿ ಹೀಟ್ ಮೀಟರಿನ ಮುಳ್ಳು ತಳ ಸೇರಿತು. ಶಿವನಂಜಪ್ಪ ಖಲಂದರನ ಬೆನ್ನು ತಟ್ಟಿ ಹೋದ. ನಾನು ನಟ್ಟುಬೋಲ್ಟುಗಳ ಜೊತೆ ತುಕ್ಕು ಹಿಡಿದ ಒಂದು ಡಬ್ಬ ಸೇರಿದೆ.

ಆ ಡಬ್ಬದಲ್ಲಿ ಹನ್ನೊಂದು ವರ್ಷ ಇದ್ದೆ. ದುಃಖದ ಕಾಲ ಎಂದು ಹೇಳಲಾರೆ. ಏಕೆಂದರೆ ಪೌಳಿಯ ಆಚೆ ಪ್ರತಿ ಶ್ರಾವಣದಲ್ಲಿಯೂ ಕಾವ್ಯವಾಚನ ನಡೆಯುತ್ತಿತ್ತು. ಒಬ್ಬ ಹೆಂಗಸಿನ ಕಂಠ ಒಂದು ಷಟ್ಪದಿಯನ್ನು ರಾಗವಾಗಿ ಓದಿ ನಿಲ್ಲುತ್ತಿತ್ತು. ಆಮೇಲೆ ಒಬ್ಬ ಗಂಡಸಿನ ಕಂಠ, ಅವಸರವಿಲ್ಲದೆ, ಅದರ ಅರ್ಥ ಬಿಡಿಸುತ್ತಿತ್ತು. ಅದು ಮುಗಿದ ಮೇಲೆ ಮತ್ತೆ ಹೆಂಗಸಿನ ಕಂಠ. ಸಂಜೆ ಕೆಲಸ ಮುಗಿಸಿದ ಖಲಂದರ್ ಕೈಯ ಗ್ರೀಸು ಒರೆಸುತ್ತಾ ಪೌಳಿಯ ಹೊರಗಿನ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಒಳಗೆ ಬನ್ನಿ ಎಂದರೆ, "ಇಲ್ಲೇ ಚೆನ್ನಾಗಿ ಕೇಳ್ತೈತೆ ಸ್ವಾಮೀ" ಎನ್ನುತ್ತಿದ್ದ. ಒಂದೇ ಗೋಡೆಯ ಈಚೆ ಅವನೂ ನಾನೂ ಹೀಗೆ ಹನ್ನೊಂದು ಶ್ರಾವಣ ಕೇಳಿದೆವು.

ಓದುತ್ತಿದ್ದವರು ವೈದೇಹಮ್ಮ. ಅರ್ಥ ಹೇಳುತ್ತಿದ್ದವರು ಅವರ ಗಂಡ, ಹೈಸ್ಕೂಲಿನ ಕನ್ನಡ ಮೇಷ್ಟರಾಗಿದ್ದ ಅಳಸಿಂಗಾಚಾರ್ಯರು. ಶಿವನಂಜಪ್ಪನಿಂದ ಆ ಬಿಳಿ ಕಾರನ್ನು ಕೊಂಡವರೂ ಇವರೇ. ಆಚಾರ್ಯರ ಕಣ್ಣು ಮೊದಲು ಮಂಜಾಗಿ, ಆಮೇಲೆ ಪೂರಾ ಹೋಯಿತು. ಬಸ್ಸಿನ ನೂಕುನುಗ್ಗಲಿನಲ್ಲಿ ಎರಡು ಸಲ ಬಿದ್ದರು. ಆಗ ವೈದೇಹಮ್ಮ, ನಲವತ್ತಾರನೆಯ ವಯಸ್ಸಿನಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇಷನ್ ಮೈದಾನದಲ್ಲಿ ಕಾರು ಕಲಿತರು. ಊರು ನಕ್ಕಿತು. ಅವರು ಕಲಿತು ಮುಗಿಸಿದರು. ಬಾಣಾವರ, ಜಾವಗಲ್ಲು, ಕಡೂರು, ಹುಳಿಯಾರು ಎಂದು ಕರೆದ ಊರಿಗೆಲ್ಲ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಓದಿ ಬರುತ್ತಿದ್ದರು.

ಹನ್ನೊಂದನೆಯ ವರ್ಷ ಕಾರು ನೀಲಿ ಹೊಗೆ ಉಗುಳುತ್ತಾ ಗ್ಯಾರೇಜಿಗೆ ಬಂತು. ದಿಣ್ಣೆ ಏರುವ ಶಕ್ತಿಯಿರಲಿಲ್ಲ. ಖಲಂದರ್ ಎಂಜಿನ್ ಇಳಿಸಿ ಬಿಚ್ಚಿದ. ಒಳಗೆಲ್ಲ ಕರಿಯ ಕೆಸರು. ಪಿಸ್ಟನ್ ಓಡಾಡುವ ಬೋರನ್ನು ಕೊರೆಸಲು ಹಾಸನದ ಲೇತ್ ಅಂಗಡಿಗೆ ಕಳಿಸಿದ. ಅಂಗಡಿಯ ಕಾಳಪ್ಪ ಅದನ್ನು ತಾನೇ ವಾಪಸು ತಂದುಕೊಟ್ಟು, ಬೀಡಿ ಹಚ್ಚಿ ಹೇಳಿದ:

"ಸಾಬ್ರೇ, ಈ ಎಂಜಿನ್ನು ಕಾವಿಗೆ ಸತ್ತಿಲ್ಲ, ಚಳಿಗೆ ಸತ್ತೈತೆ."

"ಹಂಗಂದ್ರೆ?"

"ವಾಲ್ವು ಎಲ್ಲಿ? ಯಾವನೋ ಕಿತ್ತಾಕವ್ನೆ. ನೀರು ಒಂದ್ ದಿನಾನೂ ಹದಕ್ಕೆ ಕಾದಿಲ್ಲ. ತಣ್ಣಗಿರೋ ಎಂಜಿನ್ನಲ್ಲಿ ಪೆಟ್ರೋಲು ಪೂರ್ತಿ ಉರಿಯದೆ ಗೋಡೆ ಮೇಲಿನ ಆಯಿಲ್ ತೊಳೆದಾಕೈತೆ. ಒಣಗೋಡೆ ಉಜ್ಜಿ ಉಜ್ಜಿ ಸವೆದೈತೆ. ನೋಡಿ, ಇದೇ ಕೊನೇ ಬೋರು. ಇನ್ನೊಂದ್ ಕಿತ ಕೊರೆದ್ರೆ ಗೋಡೆ ತೂತಾಗಿ ಆಚೆ ನೀರು ಕಾಣ್ತದೆ. ಮೊದಲ ಸಾವಿರ ಕಿಲೋಮೀಟ್ರು ಪಳಗಿಸೋ ರನ್ನಿಂಗ್ ಇನ್ ಹುಷಾರಾಗಿ ಮಾಡ್ಸಿ. ಕೆಟ್ರೆ ಗುಜರಿಗೇ."

ಕಾಳಪ್ಪ ಹೋದ ಮೇಲೆ ಖಲಂದರ್ ಒಂದೊಂದೇ ಡಬ್ಬ ತೆಗೆದು ನೆಲಕ್ಕೆ ಸುರಿದ. ಮೂರನೆಯ ಡಬ್ಬದಲ್ಲಿ ನಾನಿದ್ದೆ. ಎತ್ತಿಕೊಂಡು, ಅಂಗಿಯ ಚುಂಗಿನಿಂದ ಒರೆಸಿ, ಅಂಕಿಯನ್ನು ಓದಿ, ಬಹಳ ಹೊತ್ತು ಹಾಗೇ ಕುಕ್ಕರುಗಾಲಲ್ಲಿ ಕೂತಿದ್ದ.

ಮಾರನೆಯ ಬೆಳಿಗ್ಗೆ ಆಚಾರ್ಯರು ಕೋಲು ಊರಿಕೊಂಡು ಒಬ್ಬರೇ ಬಂದರು. ವೈದೇಹಮ್ಮ ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರು.

"ಸ್ವಾಮೇರೇ, ನಿಮ್ಮ ಎಂಜಿನ್ ಕೆಡಿಸಿದ್ದು ನಾನೇ" ಎಂದ ಖಲಂದರ್. ಇದೇ ಕೊನೆಯ ಬೋರು ಎಂಬುದರವರೆಗೆ ಎಲ್ಲವನ್ನೂ ಹೇಳಿದ. ತಾನು ಕೇಳಿದ ಆ ಪ್ರಶ್ನೆಯನ್ನೂ ಹೇಳಿದ.

ಆಚಾರ್ಯರು ಕೋಲಿನ ತುದಿಯಿಂದ ನೆಲವನ್ನು ಮೆಲ್ಲಗೆ ತಟ್ಟಿದರು. ಪದ್ಯ ಮುಗಿದ ಮೇಲೆ ಅರ್ಥಕ್ಕೆ ಮೊದಲು ಅವರು ಹಾಗೇ ತಟ್ಟುತ್ತಿದ್ದರು. ಆಮೇಲೆ, "ತೆಗೆದ ಕೈಗೇ ಜಾಗ ಗೊತ್ತಿರೋದು ಕಣಯ್ಯಾ. ನೀನೇ ಹಾಕು" ಎಂದರು. "ಇದ್ಯಾವುದನ್ನೂ ಅವಳಿಗೆ ಹೇಳಬೇಡ. ಸ್ಟೀರಿಂಗ್ ಹಿಡಿಯೋಳು ಧೈರ್ಯವಾಗಿರಬೇಕು. ಈ ಕಾರು ಹೋದ್ರೆ ನಮ್ಮ ವಾಚನಾನೂ ಹೋದ ಹಾಗೇ."

ಹಾಕುವ ಮೊದಲು ನನ್ನ ವಿದ್ಯೆ ಮರೆತಿದೆಯೋ ಏನೋ ನೋಡಬೇಕಿತ್ತು. ಖಲಂದರ್ ನನಗೊಂದು ದಾರ ಕಟ್ಟಿ ಎದುರಿನ ರಂಗಪ್ಪನ ಟೀ ಅಂಗಡಿಗೆ ಒಯ್ದು ಕುದಿಯುವುದಕ್ಕಿಟ್ಟ ನೀರಿನ ಪಾತ್ರೆಗೆ ಇಳಿಬಿಟ್ಟ.

"ಏನ್ ಸಾಬ್ರೇ, ನನ್ ಪಾತ್ರೇಲಿ ಗಾಡಿ ಸಾಮಾನು ಬೇಯಿಸ್ತಿದೀರಾ?" ಎಂದ ರಂಗಪ್ಪ. "ನಾಳಿಕೆ ಸೈಕಲ್ ಚೈನ್ ತಂದು ಒಗ್ಗರಣೆ ಹಾಕು ಅಂತೀರ."

"ನಿನ್ ಟೀಗಿಂತ ರುಚಿಯಾಗಿರ್ತದೆ ಬಿಡು. ಪಾತ್ರೆ ಹೊಸದು ಕೊಡಿಸ್ತೀನಿ, ಸುಮ್ನೆ ಉರಿ ಹಾಕು."

ವೈದೇಹಮ್ಮನೂ ಬಂದಿದ್ದರು. ಆಚಾರ್ಯರು ಕೇಳಿದರು: "ಇವಳೇ, ಏನಾಗ್ತಿದೆ ಹೇಳು. ಇವತ್ತು ನೀನು ಅರ್ಥ ಹೇಳು, ನಾನು ಕೇಳ್ತೀನಿ."

"ಮುಚ್ಕೊಂಡೇ ಇದೆ ಕಣ್ರೀ. ನೀರಲ್ಲಿ ಸಣ್ಣ ಸಣ್ಣ ಗುಳ್ಳೆ... ಇನ್ನೂ ಇಲ್ಲ... ಇನ್ನೂ ಇಲ್ಲ..."

ಹನ್ನೊಂದು ವರ್ಷದ ಮೇಲೆ ನನ್ನೊಳಗಿನ ಮೇಣ ಮೆತ್ತಗಾಯಿತು. ನನಗೇ ನಂಬಿಕೆಯಿರಲಿಲ್ಲ. ಕಡ್ಡಿ ಒಮ್ಮೆ ತಡವರಿಸಿತು, ಆಮೇಲೆ ಜಾರಿತು.

"ತೆರೀತು! ರೀ, ತೆರೀತು ಅದು!" ವೈದೇಹಮ್ಮ ಮಗುವಿನಂತೆ ಕೂಗಿದರು. ಖಲಂದರ್ ಮುಖ ಆಚೆ ತಿರುಗಿಸಿಕೊಂಡ.

ನನ್ನನ್ನು ಬಟ್ಟೆಯಲ್ಲಿ ಸುತ್ತಿ ಆಚಾರ್ಯರ ಅಂಗೈಯಲ್ಲಿಟ್ಟರು. ಆರುತ್ತಾ ಆರುತ್ತಾ ನಾನು ಮುಚ್ಚಿಕೊಂಡೆ. ಕಣ್ಣಿಲ್ಲದವರ ಬೆರಳಿಗೆ ಎಲ್ಲವೂ ಗೊತ್ತಾಗುತ್ತದೆ. "ಗುಬ್ಬಿಮರಿ ಕೊಕ್ಕು ಮುಚ್ಚಿದ ಹಾಗಿದೆ" ಎಂದು ಅವರು ಮೆಲ್ಲಗೆ ನಕ್ಕರು.

ಖಲಂದರ್ ನನ್ನ ಅಂಚಿನಲ್ಲಿ ಸೂಜಿಯಷ್ಟು ಸಣ್ಣ ತೂತು ಕೊರೆದ. ನೀರು ತುಂಬುವಾಗ ಗಾಳಿ ಸಿಕ್ಕಿಕೊಳ್ಳದಿರಲಿ ಎಂದು. ಆಮೇಲೆ ನನ್ನ ಹಳೆಯ ಜಾಗದಲ್ಲಿ ಕೂರಿಸಿ, ಮೇಲಿನ ಮುಚ್ಚಳವನ್ನು ಬಿಗಿದ. ಬಿಗಿಯುವಾಗ "ಬಿಸ್ಮಿಲ್ಲಾ" ಎಂದದ್ದು ನನಗೆ ಕೇಳಿಸಿತು.

"ಅಮ್ಮಾವ್ರೇ, ಕೇಳಿ" ಎಂದು ಅವನು ಹೇಳಿದ ಪಾಠ ನನಗೆ ಇವತ್ತಿಗೂ ಬಾಯಿಪಾಠ. "ಪಿಸ್ಟನ್ನಿಗೆ ಹೊಸ ರಿಂಗು, ಬೋರಿಗೆ ಹೊಸ ಗೋಡೆ. ಒಂದಕ್ಕೊಂದು ಪರಿಚಯ ಇಲ್ಲ, ಹೊಸ ಸಂಸಾರ. ಉಜ್ಜಾಡ್ತವೆ, ಬಿಸಿ ಜಾಸ್ತಿ ಹುಟ್ತದೆ. ಸಾವಿರ ಕಿಲೋಮೀಟ್ರು ನೀವು ಕಾಯ್ಬೇಕು. ಸ್ಟಾರ್ಟ್ ಮಾಡಿ ನಿಂತಲ್ಲೇ ಉರಿಸಬೇಡಿ. ಒಂದೇ ಸ್ಪೀಡಲ್ಲೂ ಹೋಗಬೇಡಿ. ನಲವತ್ತಕ್ಕೆ ಎಳೀರಿ, ಬಿಡಿ, ಇಪ್ಪತ್ತೈದಕ್ಕೆ ಬರ್ಲಿ, ಮತ್ತೆ ಎಳೀರಿ. ಅರ್ಧ ಗಂಟೆ ಓಡಿಸಿದ್ರೆ ನಿಲ್ಸಿ, ಪೂರ್ತಿ ಆರ್ಲಿ. ನಿಮ್ಮ ವಾಚನದ ಥರಾನೇ. ನೀವು ಓದ್ತೀರಿ, ಕಾವು ಏರ್ತದೆ. ಸ್ವಾಮೇರು ಅರ್ಥ ಹೇಳ್ತಾರೆ, ನಿಮ್ಮ ಗಂಟಲು ಆರ್ತದೆ. ಇಬ್ಬರಲ್ಲಿ ಒಬ್ರು ಇಲ್ದಿದ್ರೂ ಕೆಡ್ತದೆ."

"ಮುಳ್ಳು ಮೇಲೆ ಹೋದ್ರೆ?"

"ನಿಲ್ಸಿ. ಬಾನೆಟ್ ಎತ್ತಿ. ಆದ್ರೆ ತಣ್ಣೀರು ಮಾತ್ರ ಹುಯ್ಯಬೇಡಿ. ಕಾದ ಕಾವಲಿಗೆ ನೀರು ಬಿದ್ರೆ ಚುರ್ ಅಂತದೆ. ಎರಕದ ಕಬ್ಬಿಣ ಚುರ್ ಅನ್ನಲ್ಲ, ಸೀಳ್ತದೆ."

ಮೊದಲ ದಿನ ಬಾಣಾವರದವರೆಗೆ ಹೋಗಿ ಬಂದೆವು. ವೈದೇಹಮ್ಮ ಎಳೆದರು, ಬಿಟ್ಟರು, ಎಳೆದರು, ಬಿಟ್ಟರು. ಹಿಂದಿನ ಬಸ್ಸಿನವನು ಹಾರನ್ ಬಾರಿಸಿ, "ಯಮ್ಮೋ, ಗಾಡಿಗೆ ಬಿಕ್ಕಳಿಕೆ ಬಂದೈತಾ?" ಎಂದು ಕೂಗಿ ಮುಂದೆ ಹೋದ. ಆಚಾರ್ಯರು ಎರಡು ನಿಮಿಷಕ್ಕೊಮ್ಮೆ, "ಇವಳೇ, ಮುಳ್ಳು ಎಲ್ಲಿದೆ?" ಎಂದು ಕೇಳುತ್ತಿದ್ದರು. "ನಡುವೆ" ಎಂದರೆ ಸಾಕು, ಅವರ ಉಸಿರು ಸಡಿಲವಾಗುತ್ತಿತ್ತು. ಆ ನಡುವನ್ನು ಹಿಡಿದು ನಿಲ್ಲಿಸಿದ್ದು ನಾನು ಎಂಬ ಹೆಮ್ಮೆ ನನಗಿತ್ತು. ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆರುನೂರು ಕಿಲೋಮೀಟರ್ ಆಗಿತ್ತು. ಅವತ್ತು ಸಂಜೆ ಕಡೂರಿನಲ್ಲಿ ವಾಚನ. ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ಬಾಣಾವರದ ಆಚೆ ರೈಲ್ವೆ ಗೇಟು ಬಿದ್ದಿತ್ತು. ಈಗ ಬರುತ್ತದೆ ರೈಲು, ಈಗ ಎತ್ತುತ್ತಾರೆ ಗೇಟು ಎಂದು ವೈದೇಹಮ್ಮ ಎಂಜಿನ್ ಆರಿಸಲಿಲ್ಲ. ಗೂಡ್ಸ್ ಗಾಡಿಯೊಂದು ಹೋಯಿತು. ಗೇಟು ಏಳಲಿಲ್ಲ, ಎದುರಿನಿಂದ ಇನ್ನೊಂದು ಬರುವುದಿತ್ತು. ನಿಂತ ಕಾರಿಗೆ ಗಾಳಿಯಿಲ್ಲ. ನೀರು ಎಂಬತ್ತೆರಡು ದಾಟಿತು, ತೊಂಬತ್ತು ದಾಟಿತು. ನಾನು ಪೂರ್ತಿ ತೆರೆದಿದ್ದೆ. ಇನ್ನೂ ತೆರೆಯುವುದಕ್ಕೆ ನನಗೆ ಬಾಯಿಯಿರಲಿಲ್ಲ. ದ್ವಾರಪಾಲಕ ಬಾಗಿಲು ತೆರೆಯಬಲ್ಲ, ಗಾಳಿ ಬೀಸಲಾರ.

ಆಚಾರ್ಯರು ತಲೆ ಓರೆ ಮಾಡಿದರು. "ಇವಳೇ, ಒಳಗೆ ಅನ್ನದ ಎಸರಿನ ಸದ್ದು ಬರ್ತಿದೆ. ಮುಳ್ಳು ಎಲ್ಲಿದೆ?"

ವೈದೇಹಮ್ಮ ನೋಡಿದರು. ಕೈ ಕೀಲಿಯತ್ತ ಓಡಿ ಎಂಜಿನ್ ಆರಿಸಿತು.

ಬಾನೆಟ್ಟಿನ ಸಂದಿನಿಂದ ಹಬೆ ಎದ್ದದ್ದನ್ನು ಕಂಡು ಪಕ್ಕದ ಟ್ರ್ಯಾಕ್ಟರಿನವನು ಹಾರಿ ಇಳಿದ. ಗೇಟಿನವನ ಮನೆಯಿಂದ ತುಂಬಿದ ಕೊಡವನ್ನು ಹೊತ್ತು ಓಡಿಬಂದ. "ಸರೀರಿ ಯಮ್ಮಾ, ಎಂಜಿನ್ ಮ್ಯಾಲೆ ಹುಯ್ತೀನಿ, ತಣ್ಣಗಾಯ್ತದೆ!" ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ವೈದೇಹಮ್ಮ ಗಾಬರಿಯಲ್ಲಿ ಖಲಂದರನ ಎಚ್ಚರಿಕೆ ಮರೆತು, ಬಾನೆಟ್ ಎತ್ತಿ ಪಕ್ಕಕ್ಕೆ ಸರಿದೇಬಿಟ್ಟರು. ಕೊಡ ಓರೆಯಾಯಿತು. ಕೊನೆಯ ಬೋರು, ಕೊನೆಯ ಗೋಡೆ, ಅವರಿಬ್ಬರ ಊರೂರಿನ ದಾರಿ ಎಲ್ಲವೂ ಆ ಕೊಡದ ಕಂಠದಲ್ಲಿ ನಿಂತಿತ್ತು.

"ಅಯ್ಯಾ!" ಕಾರಿನೊಳಗಿನಿಂದ ಆಚಾರ್ಯರ ದನಿ. ತರಗತಿಯ ಹಿಂದಿನ ಬೆಂಚಿಗೂ ಮುಟ್ಟುತ್ತಿದ್ದ ದನಿ ಅದು. "ಆ ನೀರನ್ನ ನನಗೆ ಕುಡಿಯಕ್ಕೆ ಕೊಡಪ್ಪಾ. ಬಹಳ ಬಾಯಾರಿದೆ."

ಬಾಯಾರಿದ ಕುರುಡ ಮುದುಕರಿಗೆ ನೀರು ಕೊಡದೆ ಎಂಜಿನ್ನಿಗೆ ಹುಯ್ಯುವವರು ನಮ್ಮ ಕಡೆ ಯಾರೂ ಇಲ್ಲ. ಟ್ರ್ಯಾಕ್ಟರಿನವನು ಕೊಡವನ್ನು ನೆಟ್ಟಗೆ ಮಾಡಿ ಅವರತ್ತ ನಡೆದ.

ಬೊಗಸೆಯಲ್ಲಿ ಕುಡಿದು ಮುಗಿಸಿ ಆಚಾರ್ಯರು ಹೇಳಿದರು: "ಇವಳೇ, ರೇಡಿಯೇಟರ್ ಮುಚ್ಚಳ ಮುಟ್ಟಬೇಡ. ಸಂಜೆ ಓದಬೇಕಾದ್ದನ್ನ ಇಲ್ಲೇ ಶುರು ಮಾಡು."

"ಇಲ್ಲೇ? ರೋಡಲ್ಲೇ?"

"ಅದು ಆರೋವರೆಗೂ. ನೀನು ಓದು, ನಾನು ಅರ್ಥ ಹೇಳ್ತೀನಿ. ನಿಧಾನವಾಗಿ."

ಬೇವಿನ ಮರದ ಕೆಳಗೆ ಮೈಲಿಗಲ್ಲಿನ ಮೇಲೆ ಕೂತು ವೈದೇಹಮ್ಮ ಓದಿದರು. ಮೊದಲ ಸಾಲಿನಲ್ಲಿ ದನಿ ನಡುಗಿತು. ನದಿಯ ವರ್ಣನೆ ಅದು. ಮೋಹನ ರಾಗದಲ್ಲಿ ಹಿಡಿದರು. ಎರಡನೆಯ ಪದ್ಯಕ್ಕೆ ನಡುಕ ಹೋಯಿತು. ಆಚಾರ್ಯರು ಒಂದೊಂದು ಅಲೆಯನ್ನೂ ಬಿಡದೆ ಅರ್ಥ ಹೇಳಿದರು. ಟ್ರ್ಯಾಕ್ಟರಿನವನು ಕೊಡ ತೊಡೆಯ ಮೇಲಿಟ್ಟುಕೊಂಡು ಕೂತ. ಎಮ್ಮೆ ಹೊಡೆದುಕೊಂಡು ಬಂದವಳೊಬ್ಬಳು ಕೂತಳು. ಎರಡನೆಯ ರೈಲು ಹೋಯಿತು, ಗೇಟು ಎದ್ದಿತು, ಯಾರೂ ಏಳಲಿಲ್ಲ. ಗೇಟಿನವನು, "ಹೋಗ್ರಪ್ಪಾ, ಮತ್ತೆ ಹಾಕ್ತೀನಿ" ಎಂದು ಕೂಗಿದ. ಆಮೇಲೆ ಅವನೂ ಕಂಬಕ್ಕೆ ಒರಗಿ ನಿಂತ.

ನಾನು ಆ ಗಾಳಿಯಿಲ್ಲದ ಬಿಸಿಯಲ್ಲಿ ಕೇಳುತ್ತಿದ್ದೆ. ಪೌಳಿಯ ಆಚೆಯಿಂದ ಕೇಳಿದ ಕಂಠವೇ. ತೊಂಬತ್ತು. ಎಂಬತ್ತೈದು. ಒಂಬತ್ತನೆಯ ಪದ್ಯದ ಅರ್ಥದ ನಡುವೆ ನನ್ನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅಷ್ಟು ಹಿತವಾಗಿ ನಾನು ಎಂದೂ ಮುಚ್ಚಿಕೊಂಡಿರಲಿಲ್ಲ.

ಸಾವಿರ ತುಂಬಿದ ದಿನ ಖಲಂದರ್ ತಣ್ಣಗಿದ್ದ ಎಂಜಿನ್ನಿನ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದ, ಆಯಿಲ್ ಬದಲಿಸಿದ. ಸೈಲೆನ್ಸರಿನ ಬಾಯಿಗೆ ಬೆರಳಿಟ್ಟು ನೋಡಿದ. ಬೆರಳಿಗೆ ಅಂಟಿದ್ದು ಒಣಬೂದಿ, ಎಣ್ಣೆಯಿಲ್ಲ. "ರಿಂಗು ಕೂತೈತೆ ಅಮ್ಮಾವ್ರೇ. ಇನ್ನು ಹೊಂದ್ಕೊಂಡು ಬಾಳ್ತವೆ" ಎಂದು ಆ ಬೆರಳನ್ನೇ ತೋರಿಸಿದ.

ಬಾಳಿದವು, ಹದಿನಾಲ್ಕು ವರ್ಷ. ನಡುವೆ ಒಂದು ಮಾಘದಲ್ಲಿ ಆಚಾರ್ಯರು ನಿದ್ದೆಯಲ್ಲಿಯೇ ಹೋದರು. ಪಕ್ಕದ ಸೀಟು ಖಾಲಿಯಾಯಿತು. ವೈದೇಹಮ್ಮ ವಾಚನ ಬಿಡಲಿಲ್ಲ. ಅರ್ಥ ಹೇಳಲು ಬೇರೆಯವರನ್ನು ಕೂರಿಸಿಕೊಳ್ಳಲಿಲ್ಲ. ಒಂದು ಪದ್ಯ ಓದಿ, ಅರ್ಥ ಹೇಳುವಷ್ಟು ಹೊತ್ತು ಸುಮ್ಮನಿದ್ದು, ಮುಂದಿನದಕ್ಕೆ ಹೋಗುತ್ತಿದ್ದರಂತೆ. ಜನ ಆ ಮೌನಕ್ಕೂ ಕಿವಿಗೊಟ್ಟು ಕೂರುತ್ತಿದ್ದರಂತೆ. ದಾರಿಯಲ್ಲಿ ಅವರು ಒಮ್ಮೊಮ್ಮೆ ಯಾರೂ ಕೇಳದೆಯೇ "ನಡುವೆ ಇದೆ ಕಣ್ರೀ" ಎನ್ನುವುದು ನನಗೆ ಕೇಳಿಸುತ್ತಿತ್ತು.

ನನಗೂ ವಯಸ್ಸಾಯಿತು. ಮೇಣಕ್ಕೆ ಮೊದಲಿನ ಉಬ್ಬು ಇಲ್ಲ. ಎಂಬತ್ತೆರಡಕ್ಕೆ ತೆರೆಯಬೇಕಾದದ್ದು ತೊಂಬತ್ತರತನಕ ತಡವರಿಸಿದೆ. ಖಲಂದರ್, ಈಗ ಬಿಳಿಗಡ್ಡದ ಖಲಂದರ್ ಸಾಬರು, ನನ್ನನ್ನು ತೆಗೆದು ಹೊಸದನ್ನು ಹಾಕಿದರು. ಎರಡನೆಯ ಸಲ ಅದೇ ಕೈ ನನ್ನನ್ನು ತೆಗೆಯಿತು. ಆದರೆ ಈ ಸಲ ಡಬ್ಬಕ್ಕೆ ಹಾಕಲಿಲ್ಲ. ದಾರ ಕಟ್ಟಿ, ಸ್ಪ್ಯಾನರುಗಳು ತೂಗುವ ಹಲಗೆಯ ನಡುವೆ, ಕೆಲಸಕ್ಕೆ ಬಗ್ಗಿದವರು ತಲೆಯೆತ್ತಿದರೆ ಮೊದಲು ಕಾಣುವ ಜಾಗದಲ್ಲಿ ಮೊಳೆಗೆ ನೇತುಹಾಕಿದರು. ದಿನಾ ಬೆಳಿಗ್ಗೆ ಮೊದಲ ಬಾನೆಟ್ ಎತ್ತುವ ಮುನ್ನ ಅವರು ಒಮ್ಮೆ ನನ್ನತ್ತ ನೋಡುತ್ತಾರೆ. ಯಾವುದನ್ನಾದರೂ ಕಿತ್ತುಹಾಕುವ ಮುಂಚೆ ಎರಡು ಸಲ ನೋಡುತ್ತಾರೆ.

ಇಲ್ಲಿ ತೂಗುತ್ತಾ ನಾನು ಯೋಚಿಸುವುದಿಷ್ಟೇ. ಬಿಸಿ ಹಗೆಯೆಂದು ಎಲ್ಲರೂ ಹೆದರುತ್ತಾರೆ. ಬಿಸಿ ಬರುವ ತನಕ ಕಾಯುವವರು ಕಡಿಮೆ, ಬಂದದ್ದನ್ನು ಆರುವುದಕ್ಕೆ ಬಿಡುವವರೂ ಕಡಿಮೆ. ಆ ದಂಪತಿಗಳು ಎರಡನ್ನೂ ಬಲ್ಲವರಾಗಿದ್ದರು. ಅವರ ದಾರಿಯಲ್ಲಿ ಒಂದು ಬಾಗಿಲಾಗಿದ್ದೆ, ಸಾಕು.

ಮೊನ್ನೆ ಶ್ರಾವಣದ ಮೊದಲ ದಿನ ವೈದೇಹಮ್ಮ ಗುಡಿಯಿಂದ ಗ್ಯಾರೇಜಿಗೆ ಬಂದರು. ಈಗ ಅವರೂ ಕೋಲು ಊರುತ್ತಾರೆ. ಹಲಗೆಯ ಮೇಲಿನ ನನ್ನನ್ನು ಕಂಡು ನಿಂತರು.

"ಇದು ಅದೇ ಅಲ್ವಾ, ಖಲಂದರ್? ಟೀ ಪಾತ್ರೇದು."

"ಹೂಂ ಅಮ್ಮಾವ್ರೇ. ಅದೇ."

ಅವರು ಬೆರಳಿನಿಂದ ನನ್ನನ್ನು ಮುಟ್ಟಿದರು. "ಅವರ ಕೈಯಲ್ಲಿ ಮುಚ್ಚಿಕೊಂಡಿತ್ತು. ಗುಬ್ಬಿಮರಿ ಕೊಕ್ಕು ಅಂದಿದ್ರು... ಇದನ್ನ ನನಗೆ ಕೊಡಪ್ಪಾ. ದೇವರ ಮನೇಲಿ ಇಟ್ಕೋತೀನಿ. ನಿನಗೆ ಇದರಿಂದ ಇನ್ನೇನು ಕೆಲಸ?"

ಖಲಂದರ್ ಸಾಬರು ಸ್ಪ್ಯಾನರ್ ಕೆಳಗಿಟ್ಟರು. ಕೈ ಒರೆಸಿಕೊಂಡರು. ಬಾಯಿ ತೆರೆದು, ಏನೋ ಹೇಳಹೊರಟು, ನುಂಗಿಕೊಂಡರು. ಎಂಜಿನ್ ಕೆಡಿಸಿದ ಕತೆಯನ್ನು ಅವರಿಗೆ ಹೇಳಬೇಡವೆಂದು ಆಚಾರ್ಯರು ಅಂದಿದ್ದರಲ್ಲ. ಆಮೇಲೆ ಬಂದು ನನ್ನನ್ನು ಮೊಳೆಯಿಂದ ತೆಗೆದು, ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡರು.

"ಬೇರೆ ಏನು ಬೇಕಾದ್ರೂ ಕೇಳಿ ಅಮ್ಮಾವ್ರೇ. ಇದನ್ನ ಕೊಡಲ್ಲ."